ಓಪಿಜಿಯಲ್ಲಿ ಗಂಡು-ಹೆಣ್ಣು ಗುರುತು: ನನ್ನ ಅನುಭವ

ಶವದ ಗುರುತು ಹಚ್ಚಲು, ಕೆಳದವಡೆಯ ಓಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಎಕ್ಸ್-ರೇ) ನೋಡಿ ಗಂಡೋ ಹೆಣ್ಣೋ ಹೇಳುತ್ತೇನೆ ಅಂದಾಗ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಡಿಎನ್‌ಎ ಇರುವಾಗ ಇದೆಲ್ಲ ಯಾಕೆ ಸರ್?" ಅಂದರು. ಈಗ ಹತ್ತರಲ್ಲಿ ಹೆಚ್ಚುಕಡಿಮೆ ಎಂಟು ಸರಿ ಬರುತ್ತಿವೆ. ಅದೂ ಹೆಸರು ಮುಚ್ಚಿ ಬೇರೆಯವರು ಕೊಟ್ಟ ಫಿಲಮ್‌ಗಳಲ್ಲಿ.

ಮೊದಲು ಕೋರೆಹಲ್ಲಿನ ಹಿಂದೆ ಬಿದ್ದಿದ್ದೆ. ಕೆನೈನ್ ಇಂಡೆಕ್ಸ್ ಅಂದರೆ ಕೋರೆಹಲ್ಲಿನ ಅಗಲ ನೋಡಿ ಗಂಡು-ಹೆಣ್ಣು ಹೇಳುವ ಲೆಕ್ಕ. ಐಓಪಿಎಯಲ್ಲಿ (ಬಾಯೊಳಗೆ ಇಟ್ಟು ತೆಗೆಯುವ ಸಣ್ಣ ಎಕ್ಸ್-ರೇ) ಅಳೆದರೆ ವ್ಯತ್ಯಾಸ ಕೂದಲೆಳೆಯಷ್ಟು. ಟ್ಯೂಬಿನ ಕೋನ ಸ್ವಲ್ಪ ಸರಿದರೂ ಅದು ಮಾಯ. ಫಿಲಮ್ ಹಿಡಿಯುವ ಹೋಲ್ಡರ್‌ಗಳಿಗೆ ಜೇಬಿನಿಂದ ಐದಾರು ಸಾವಿರ ಹೋಯಿತು. ಆಮೇಲೆ ಗೋನಿಯಲ್ ಆಂಗಲ್, ಅಂದರೆ ಕಿವಿಯ ಕೆಳಗೆ ದವಡೆ ತಿರುಗುವ ಕೋನ ಹಿಡಿದೆ. ಹಲ್ಲು ಉದುರಿದ ವಯಸ್ಸಾದವರಲ್ಲಿ ಅದೂ ಕಲಸಿಹೋಯಿತು.

ಕೈ ಹಿಡಿದದ್ದು ರೇಮಸ್, ಅಂದರೆ ಕೆಳದವಡೆಯ ಹಿಂದೆ ಮೇಲಕ್ಕೆ ಏರುವ ಭಾಗ. ಅಗಲ ಬಿಟ್ಟುಬಿಡಿ. ಓಪಿಜಿಯಲ್ಲಿ ಅಡ್ಡ ಅಳತೆ ರೋಗಿ ಒಂಚೂರು ಹಿಂದೆ ಮುಂದೆ ನಿಂತರೂ ಹಿಗ್ಗಿ ಕುಗ್ಗುತ್ತದೆ. ಲಂಬ ಅಳತೆ ಅಷ್ಟು ಆಟ ಆಡುವುದಿಲ್ಲ. ಅದಕ್ಕೇ ಕೊರೊನಾಯ್ಡ್ (ರೇಮಸ್‌ನ ಮುಂದಿನ ತುದಿ) ಎತ್ತರ, ಕಾಂಡೈಲ್ (ಕೀಲಿನ ಹಿಂದಿನ ತುದಿ) ಎತ್ತರ ಎರಡೇ ಇಟ್ಟುಕೊಂಡೆ.

ಮ್ಯಾಗ್ನಿಫಿಕೇಶನ್ (ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬರುವುದು) ತಿದ್ದಲು ಫ್ಯಾಂಟಮ್, ಅಂದರೆ ಅಳತೆ ಗೊತ್ತಿರುವ ಮಾದರಿ ಕೇಳಿದರೆ ಹತ್ತಾರು ಸಾವಿರ ಹೇಳಿದರು. ಸೈಕಲ್ ಶಾಪಿನ ಉಕ್ಕಿನ ಬಾಲ್ ತಂದೆ. ಒಂದು ಹಿಡಿಗೆ ಇಪ್ಪತ್ತು ರೂಪಾಯಿ ಕೊಟ್ಟ ನೆನಪು. ವರ್ನಿಯರ್‌ನಲ್ಲಿ ಅಳೆದು, ಮೇಣದಲ್ಲಿ ಕೂರಿಸಿ, ದವಡೆಹಲ್ಲಿನ ಪಕ್ಕ ಇಟ್ಟೆ. ಫಿಲಮ್‌ನಲ್ಲಿ ಬಾಲ್ ಮೊಟ್ಟೆಯಾಕಾರಕ್ಕೆ ಬಂದರೂ ಚಿಂತೆಯಿಲ್ಲ, ಅದರ ಎತ್ತರ ಮಾತ್ರ ತೆಗೆದುಕೊಳ್ಳಿ. ಅಳೆಯಲು ಇಮೇಜ್‌ಜೆ ಎಂಬ ಸಾಫ್ಟ್‌ವೇರ್ ಸಾಕು, ಪುಕ್ಕಟೆ.

ಈ ಎತ್ತರಗಳಿಂದ ಗಂಡು-ಹೆಣ್ಣು ಹೇಳಲು ಹೊರಗಿನ ಜನರ ಮೇಲೆ ಮಾಡಿದ ಸೂತ್ರ ಹಾಕಿದಾಗ ನಮ್ಮ ಗಂಡಸರಲ್ಲಿ ಅನೇಕರು ಹೆಂಗಸರೆಂದು ಲೆಕ್ಕಕ್ಕೆ ಬಂದರು. ನಮ್ಮ ಊರಿನವರ ಫಿಲಮ್‌ಗಳಿಂದಲೇ ಹೊಸದಾಗಿ ಕಟ್ಟಿದ ಮೇಲೆ ದಾರಿಗೆ ಬಂತು. ಆ ಅಂಕಿ ಇಲ್ಲಿ ಕೊಡುವುದಿಲ್ಲ. ಅದು ನನ್ನ ಮಷಿನ್ನಿನದು, ನಿಮ್ಮದು ನೀವೇ ಕಟ್ಟಿಕೊಳ್ಳಬೇಕು. ಮಷಿನ್ನಿನಲ್ಲಿ ರೋಗಿಯ ಗಲ್ಲ ಕೂರಿಸುವ ನನ್ನ ರೀತಿಯನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಅನಾಟಮಿಯವರಿಂದ ಒಣ ದವಡೆ ತಂದು ಥರ್ಮಾಕೋಲ್ ಮೇಲೆ ನಿಲ್ಲಿಸಿ ಓಪಿಜಿ ತೆಗೆದೆ. ಮಾಂಸವಿಲ್ಲದ ಮೂಳೆ, ಕೆವಿ (ಎಕ್ಸ್-ರೇಯ ಶಕ್ತಿ) ಕೆಳಗಿಳಿಸಿದರೂ ಚಿತ್ರ ಕಪ್ಪಾಯಿತು. ತೆಳು ತಾಮ್ರದ ತಗಡು ಅಡ್ಡ ಇಟ್ಟಾಗ ಚೆನ್ನಾಗಿ ಬಂತು. ಈ ಕೆಲಸ ಸುಮ್ನೆ ಮಾಡಿದ್ದಲ್ಲ. ಸುಟ್ಟ ಶವಗಳಲ್ಲಿ ನಮ್ಮ ಕೈಗೆ ಬರುವುದು ಇಂಥ ಮೂಳೆಯೇ.

ಬೆಳವಣಿಗೆ ಮುಗಿಯದ ಹುಡುಗರ ಫಿಲಮ್ ತಂದರೆ ನಾನು ಮುಟ್ಟುವುದಿಲ್ಲ. ಕಾಂಡೈಲ್ ಮುರಿದಿದ್ದರೆ ಕೊರೊನಾಯ್ಡ್ ಒಂದರಿಂದಲೇ ಹೇಳಬೇಕಾಗುತ್ತದೆ. ಆಗ ಹತ್ತಕ್ಕೆ ಏಳರ ಆಸುಪಾಸು. ವರದಿಯಲ್ಲಿ ಅದನ್ನು ಹಾಗೆಯೇ ಬರೆಯುತ್ತೇನೆ.