ಗುಂಡಿ ಮುಚ್ಚಿದರೆ ಸಾಲದು, ಅಂಚು ಕೂಡಬೇಕು

ಗುಂಡಿಯಲ್ಲಿ ನಿಂತ ನೀರಿನ ಮೇಲೇ ಡಾಂಬರು ಮಿಶ್ರಣ ಸುರಿದು, ಸಲಿಕೆಯಿಂದ ನಾಲ್ಕು ಸಲ ತಟ್ಟಿ ಹೊರಟುಬಿಡುವವರೇ ಹೆಚ್ಚು. ಹೀಗೆ ಹಾಕಿದ ತೇಪೆ ಕಾರಿಗೆ ಬರೀ ಒಂದು ಕುಲುಕು. ಸೈಕಲ್ಲಿಗೆ ಹಾಗಲ್ಲ. ಮುಂದಿನ ಚಕ್ರ ತೇಪೆಯ ಅಂಚಿಗೆ ತಗುಲಿ ಹ್ಯಾಂಡಲ್ ತಿರುಗಿತೆಂದರೆ ಸವಾರ ನೇರ ಹಿಂದಿನ ವಾಹನದ ಮುಂದೆ ಬೀಳುತ್ತಾನೆ.

ಮೊದಲು ಅಳತೆ. ನೇರವಾದ ಪಟ್ಟಿಯೊಂದನ್ನು ರಸ್ತೆಯ ಮೇಲಿಟ್ಟು ನೋಡಿ. ಸೈಕಲ್ ಸಾಗುವ ದಿಕ್ಕಿನಲ್ಲೇ ಉದ್ದಕ್ಕೆ ಹೋಗುವ ಬಿರುಕಿನ ಅಗಲ ಸುಮಾರು 12 ಮಿ.ಮೀ. ದಾಟಿದ್ದರೆ, ಇಲ್ಲವೇ ಅದೇ ದಿಕ್ಕಿನ ಏರುತಗ್ಗಿನ ಎತ್ತರ 10 ಮಿ.ಮೀ. ದಾಟಿದ್ದರೆ ದುರಸ್ತಿ ತಡಮಾಡಬೇಡಿ. ಅಡ್ಡಲಾಗಿರುವ ಏರುತಗ್ಗನ್ನು 20 ಮಿ.ಮೀ. ತನಕ ಚಕ್ರ ಹತ್ತಿ ಇಳಿಯುತ್ತದೆ. ಉದ್ದಕ್ಕಿರುವುದು ಚಕ್ರವನ್ನೇ ಹಿಡಿದುಕೊಳ್ಳುತ್ತದೆ.

ಸಾಕಷ್ಟು ಮೊದಲೇ ಕೋನ್‌ಗಳನ್ನಿಟ್ಟು ಆ ಪಥ ಮುಚ್ಚಿ.

ಇನ್ನು ಕತ್ತರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಗುಂಡಿಯ ಅಂಕುಡೊಂಕು ಆಕಾರ ಬಿಟ್ಟು, ಸುತ್ತಲಿನ ಗಟ್ಟಿ ಡಾಂಬರಿನೊಳಕ್ಕೆ 10ರಿಂದ 15 ಸೆಂ.ಮೀ. ಹೋಗಿ ಚೌಕ ಗುರುತು ಹಾಕಿ, ಯಂತ್ರದ ಗರಗಸದಿಂದ ಗೋಡೆ ನೆಟ್ಟಗೆ ಬರುವಂತೆ ಕೊಯ್ಯಿರಿ. ಅಂಚು ಇಳಿಜಾರಾಗಿದ್ದರೆ ಅದರ ಮೇಲಿನ ಮಿಶ್ರಣ ಹಪ್ಪಳದಷ್ಟು ತೆಳ್ಳಗಾಗಿ ಪುಡಿಯಾಗುತ್ತದೆ. ಉದುರಿದ ಜಲ್ಲಿಯ ಮೇಲೆ ಸೈಕಲ್ ಜಾರುತ್ತದೆ. ತೇಪೆಯೂ ಹಳೇ ಡಾಂಬರೂ ಕೂಡುವ ಉದ್ದದ ಜೋಡಣೆ ಸೈಕಲ್ ಓಡುವ ಜಾಡಿನಲ್ಲೇ ಬರುವಂತಿದ್ದರೆ ತೇಪೆಯನ್ನು ರಸ್ತೆಯ ಅಂಚಿನ ತನಕ ಎಳೆಯಿರಿ. ಖರ್ಚು ಹೆಚ್ಚಾದರೂ ಸರಿ, ಈ ವಿಷಯದಲ್ಲಿ ರಾಜಿ ಬೇಡ.

ಒಳಗಿನ ಸಡಿಲ ಕಲ್ಲು, ಮಣ್ಣು, ನೀರು ತೆಗೆದು ಒಣಗಿಸಿ. ತಳಕ್ಕೂ ನಾಲ್ಕೂ ಗೋಡೆಗೂ ಬಿಟುಮೆನ್ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ತೆಳ್ಳಗೆ ಬಳಿಯಿರಿ. ಹಚ್ಚುವಾಗ ಅದು ಕಾಫಿಪುಡಿಯ ಬಣ್ಣದಲ್ಲಿರುತ್ತದೆ; ನೀರು ಬಿಟ್ಟುಕೊಂಡು ಕಪ್ಪಾಗಿ ಅಂಟಂಟಾದ ಮೇಲೆಯೇ ಮಿಶ್ರಣ ಹಾಕಬೇಕು. ಕಂದು ಬಣ್ಣ ಇರುವಾಗಲೇ ಸುರಿದರೆ ಹಿಡಿತ ಬರುವುದಿಲ್ಲ. ಎಮಲ್ಷನ್ ತಳದಲ್ಲಿ ಮಡುಗಟ್ಟಿದರೆ ಬಿಸಿಲಿಗೆ ಮೇಲೆ ಉಕ್ಕಿ, ಮಳೆಯಲ್ಲಿ ಗಾಜಿನಂತೆ ಜಾರುತ್ತದೆ.

ಬಿಸಿ ಮಿಶ್ರಣವನ್ನು 5 ಸೆಂ.ಮೀ. ಮೀರದ ಪದರಗಳಲ್ಲಿ, ಮೂಲೆಗಳಿಂದ ಆರಂಭಿಸಿ ತುಂಬಿ. ಒತ್ತಿ ದಮ್ಮಸು ಮಾಡಿದಾಗ ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ, ಆ ಲೆಕ್ಕ ಇಟ್ಟುಕೊಳ್ಳಿ. ಪ್ರತಿ ಪದರಕ್ಕೂ ಅಂಚಿನಿಂದ ನಡುವಿಗೆ ಪ್ಲೇಟ್ ಕಾಂಪ್ಯಾಕ್ಟರ್ (ಕಂಪಿಸುವ ತಟ್ಟೆಯಿಂದ ದಮ್ಮಸು ಮಾಡುವ ಯಂತ್ರ) ಓಡಿಸಿ, ಮಿಶ್ರಣ 90 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಮುಗಿಸಿ. ವಾಹನ ಓಡಿ ತಾನಾಗಿ ಕೂರಲಿ ಎಂದು ಉಬ್ಬು ಬಿಡುವ ರೂಢಿ ಇದೆ. ರಸ್ತೆಯಂಚಿನಲ್ಲಿ ಭಾರಿ ವಾಹನ ಓಡುವುದು ಅಪರೂಪ, ಉಬ್ಬು ಹಾಗೇ ಉಳಿಯುತ್ತದೆ. ಮಟ್ಟ ಸಮ ಮಾಡಿಯೇ ಏಳಿ. ಚೀಲದಲ್ಲಿ ಸಿಗುವ ತಣ್ಣನೆ ಮಿಶ್ರಣ ತುರ್ತಿಗಷ್ಟೇ, ಅದಕ್ಕೂ ದಮ್ಮಸು ಬೇಕು.

ಬಿರುಕಿಗೆ ಸೀಲಂಟ್ (ಬಿರುಕು ಮುಚ್ಚುವ ಅಂಟು) ತುಂಬುವಾಗ ಮೇಲೆ ಅಗಲ ಪಟ್ಟಿ ಹರಡಬೇಡಿ. ಒದ್ದೆಯಾದರೆ ಅದೂ ಜಾರುತ್ತದೆ. ಹಸಿ ಇರುವಾಗಲೇ ಒರಟು ಮರಳು ಉದುರಿಸಿ. ಚರಂಡಿ ಜಾಲರಿಯ ಸೀಳುಗಳು ಸಂಚಾರದ ದಿಕ್ಕಿಗೆ ಅಡ್ಡಲಾಗಿರಲಿ. ಚೌಕ ಜಾಲರಿಯಾದರೆ ಎತ್ತಿ ತಿರುಗಿಸಿಟ್ಟರೆ ಕೆಲಸ ಮುಗಿಯಿತು.

ಕೊನೆಗೆ ಪೊರಕೆ. ಉಳಿದ ಜಲ್ಲಿಯನ್ನು ಬದಿಗೆ ತಳ್ಳಬೇಡಿ, ಸೈಕಲ್ ಬರುವುದು ಅಲ್ಲಿಂದಲೇ. ಗುಡಿಸಿ ಚೀಲಕ್ಕೆ ತುಂಬಿ ಒಯ್ಯಿರಿ, ವಾರದ ನಂತರ ಬಂದು ಇನ್ನೊಮ್ಮೆ ಗುಡಿಸಿ.