46 ‘ಬೇಡ’, 19 ‘ಬೇಕು’

ಜಯನಗರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಅಮೆರಿಕದ ಸಂವಿಧಾನದ ಪಾಠ ಬಂದಾಗಲೆಲ್ಲ ಅದು ಬೇಕೆಂದ ಫೆಡರಲಿಸ್ಟರು (ಒಕ್ಕೂಟವಾದಿಗಳು), ಬೇಡವೆಂದ ಆಂಟಿ ಫೆಡರಲಿಸ್ಟರು ಅಂತ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಒಂದೇ ಪಿರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. ವಿರೋಧಿಸಿದವರು ಸೋತರು, ಅಷ್ಟೇ. ಅದು ಅನ್ಯಾಯ ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಈ ವರ್ಷ ಹಾಜರಿ ಪುಸ್ತಕದಲ್ಲಿ 65 ಹೆಸರು. ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲು 1788ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಶುರುವಾದ ಸಭೆಗೆ ಆಯ್ಕೆಯಾದವರೂ 65 ಮಂದಿ. 46 ಜನ ವಿರೋಧಿಗಳು, 19 ಜನ ಪರ. ಅದೇ ಲೆಕ್ಕದಲ್ಲಿ ಚೀಟಿ ಎತ್ತಿಸಿದೆ.

ಚೀಟಿ ಬಿಚ್ಚಿದ ಕೂಡಲೇ ಹಿಂದಿನ ಬೆಂಚಿನ ಹುಡುಗ ಕೇಳಿದ: “ರಾಜ್ಯಗಳ ಅಧಿಕಾರ ಉಳೀಲಿ ಅನ್ನೋರು ಒಕ್ಕೂಟದ ವಿರೋಧಿಗಳು ಹೆಂಗಾಗ್ತಾರೆ ಮೇಡಂ?” ಒಳ್ಳೆಯ ಪ್ರಶ್ನೆ. ಕೇಂದ್ರ ಬಲವಾಗಬೇಕು ಎಂದವರೇ ‘ಫೆಡರಲಿಸ್ಟ್’ ಎಂಬ ಹೆಸರನ್ನು ಮೊದಲು ತಮ್ಮದಾಗಿಸಿಕೊಂಡರು. ಎದುರಾಳಿಗಳಿಗೆ ಉಳಿದದ್ದು ‘ಆಂಟಿ’ ಮಾತ್ರ.

ಮೊದಲ ದಿನ ಕೆಟ್ಟಿತು. ತಪ್ಪು ನನ್ನದೇ. ಸಂವಿಧಾನದ ಪರವಾಗಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ‘ಪಬ್ಲಿಯಸ್’ ಹೆಸರಿನಲ್ಲಿ ಬರೆದ 85 ಲೇಖನಗಳಿಂದ ಆಯ್ದು ಪ್ರತಿ ಮಾಡಿಸಿ ಕೊಟ್ಟಿದ್ದೆ. 19 ಜನ ಮಾತಾಡಿದರು, 46 ಜನ ಬಾಯಿ ಮುಚ್ಚಿ ಕೂತರು. ಅವರ ಕೈಯಲ್ಲಿ ಏನೂ ಇರಲಿಲ್ಲವಲ್ಲ! ಅವತ್ತು ರಾತ್ರಿ ವಿರೋಧಿಗಳ ಕಡೆಯ ‘ಬ್ರೂಟಸ್’ ಎಂಬ ಗುಪ್ತನಾಮದ ಲೇಖನಗಳನ್ನೂ ಅದೇ ಪಕ್ಷದ ಮೆಲಾಂಕ್ಟನ್ ಸ್ಮಿತ್ ಆ ಸಭೆಯಲ್ಲಿ ಆಡಿದ ಮಾತುಗಳ ಸಾರವನ್ನೂ ಕನ್ನಡದಲ್ಲಿ ಬರೆದು ಹಂಚಿದೆ.

ಮರುದಿನ ತರಗತಿಯೇ ಬೇರೆ. ಸ್ಮಿತ್ ಪಾತ್ರ ಬಂದಿದ್ದು ಮಾಗಡಿ ಕಡೆಯ ಹುಡುಗಿಗೆ. 30,000 ಜನಕ್ಕೆ ಒಬ್ಬನೇ ಪ್ರತಿನಿಧಿ ಅಂದರೆ ಗೆಲ್ಲುವವರು ದುಡ್ಡಿದ್ದವರೇ ಎಂಬುದು ಸ್ಮಿತ್ ವಾದ. ಅವಳು ಡೆಸ್ಕ್ ಹಿಡಿದು ನಿಂತು ಹೇಳಿದಳು: “ರಾಗಿ ಹೊಲಕ್ಕೆ ಕಾಲಿಡದೋರು ನಮ್ಮ ಮೇಲೆ ಎಷ್ಟು ತೆರಿಗೆ ಹಾಕಬೇಕು ಅಂತ ಹೆಂಗೆ ಗೊತ್ತು ಮಾಡ್ತಾರೆ?”

ನಾಲ್ಕನೇ ದಿನ ನಾನು ತಡವಾಗಿ ಒಳಗೆ ಬಂದು, ಬೇರೆ ರಾಜ್ಯಗಳಿಂದ ಸುದ್ದಿ ಬಂದಂತೆ ಓಲೆ ಓದಿದೆ. 13 ರಾಜ್ಯಗಳಲ್ಲಿ 9 ಒಪ್ಪಿದರೆ ಸಾಕಿತ್ತು. ಜೂನ್ 21ಕ್ಕೆ ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ವರ್ಜೀನಿಯಾ ಕೂಡ 89–79ರಲ್ಲಿ ಒಪ್ಪಿತು. ಈಗ ಬೇಡವೆಂದರೆ ನ್ಯೂಯಾರ್ಕ್ ಒಕ್ಕೂಟದ ಹೊರಗೆ.

ಗದ್ದಲವೆಲ್ಲ ನಿಂತುಹೋಯಿತು. ಆ ಹುಡುಗಿ ಚೀಟಿಯ ಮೇಲಿನ ‘ಬೇಡ’ವನ್ನು ರಬ್ಬರಿನಿಂದ ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. “ಸಂವಿಧಾನಕ್ಕೆ ಜನರ ಹಕ್ಕುಗಳನ್ನ ಆಮೇಲೆ ಸೇರಿಸ್ತೀವಿ ಅಂತ ಮಾತು ಕೊಡ್ತಾರಾ ಮೇಡಂ?” ಸ್ಮಿತ್ ಕೂಡ ಕೊನೆಗೆ ಮನಸ್ಸು ಬದಲಿಸಿ ‘ಬೇಕು’ ಎಂದದ್ದನ್ನು ನಾನು ಇನ್ನೂ ಹೇಳಿರಲಿಲ್ಲ. ಜುಲೈ 26ರಂದು ಅಲ್ಲಿ ಬಿದ್ದ ಮತ ‘ಬೇಕು’ 30, ‘ಬೇಡ’ 27. ವಿರೋಧಿಗಳು ಪಟ್ಟು ಹಿಡಿದಿದ್ದ ಹಕ್ಕುಗಳು 1791ರಲ್ಲಿ ಮೊದಲ 10 ತಿದ್ದುಪಡಿಗಳಾಗಿ ಬಂದವು.

ನಮ್ಮ ತರಗತಿಯಲ್ಲಿ ‘ಬೇಡ’ವೇ ಗೆದ್ದಿತು, ಎರಡು ಮತದಿಂದ.

ಹೊರಡುವಾಗ ಅವಳು ಕೇಳಿದಳು, ಭಾರತದ ಸಂವಿಧಾನವನ್ನು ನಮ್ಮ ಮೈಸೂರು ಹೇಗೆ ಒಪ್ಪಿತು ಎಂದು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಘೋಷಣೆ ಹೊರಡಿಸಿದ್ದನ್ನು ಹೇಳಿದೆ. “ಆಗ ಬೇಡ ಅಂದೋರು ಯಾರೂ ಇರಲಿಲ್ವಾ?” ಅದನ್ನು ಹುಡುಕಲು ಮಕ್ಕಳನ್ನು ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಕರೆದೊಯ್ಯಬೇಕೆಂದು ಅನುಮತಿಗೆ ಅರ್ಜಿ ಬರೆದಿದ್ದೇನೆ.