ವ್ಯಾನ್ ಬಿಟ್ಟು ತುಳಿದೇ ಹತ್ತಿ: ಬೈಕ್‌ಪಾರ್ಕ್ ವೇಲ್ಸ್‌ನಲ್ಲಿ ಒಂದು ದಿನ ಕಳೆಯುವುದು ಹೇಗೆ?

ದಕ್ಷಿಣ ವೇಲ್ಸ್‌ನ ಮರ್ಥರ್ ಟಿಡ್ವಿಲ್ ಪಟ್ಟಣದ ಪಕ್ಕದ ಗೆಥಿನ್ ಕಾಡಿನಲ್ಲಿ 2013ರಲ್ಲಿ ಬೈಕ್‌ಪಾರ್ಕ್ ವೇಲ್ಸ್ ಎಂಬ, ಮೌಂಟನ್ ಬೈಕ್ ಸವಾರಿಗೆಂದೇ ಮೀಸಲಾದ ಪಾರ್ಕ್ ಶುರುವಾಯಿತು. ಅಲ್ಲಿಗೆ ಬರುವ ಮೌಂಟನ್ ಬೈಕ್ ಸವಾರರಲ್ಲಿ ಹೆಚ್ಚಿನವರು ವ್ಯಾನ್ ಹತ್ತುತ್ತಾರೆ. ಸೈಕಲ್ಲುಗಳು ಹಿಂದಿನ ಟ್ರೇಲರ್‌ನಲ್ಲಿ, ಸವಾರರು ಸೀಟಿನಲ್ಲಿ. ಸ್ವಲ್ಪ ಹೊತ್ತಿನಲ್ಲಿ ಬೆಟ್ಟದ ನೆತ್ತಿ ತಲುಪಿ, ಇಳಿಯುವುದಷ್ಟೇ ಕೆಲಸ. ಇದಕ್ಕೆ ಅಲ್ಲಿ ‘ಅಪ್‌ಲಿಫ್ಟ್’ ಎನ್ನುತ್ತಾರೆ. ವಾರಾಂತ್ಯದ ಅಪ್‌ಲಿಫ್ಟ್ ಟಿಕೆಟ್‌ಗಳು ಮುಂಚೆಯೇ ಖಾಲಿಯಾಗುವುದು ಮಾಮೂಲು. ಇನ್ನೊಂದು ದಾರಿಯೂ ಇದೆ. ಕಡಿಮೆ ದುಡ್ಡಿನ ಪೆಡಲ್ ಪಾಸ್ ಕೊಂಡು, ಹತ್ತುವುದಕ್ಕೆಂದೇ ಕಡಿದ ಹಾದಿಯಲ್ಲಿ ತುಳಿದುಕೊಂಡು ಮೇಲೆ ಹೋಗಿ, ಮನಸ್ಸಿಗೆ ಬಂದ ಟ್ರೇಲ್ (ಸೈಕಲ್ಲಿಗೆಂದೇ ಮಾಡಿದ ಕಾಡುಹಾದಿ) ಹಿಡಿದು ಇಳಿಯುವುದು.

ಟಿಕೆಟ್ ಸಿಗದವರಿಗೆ ಮಾತ್ರ ಹೇಳುವ ಮಾತಲ್ಲ ಇದು. ಕಾರ್ಡಿಫ್, ಬ್ರಿಸ್ಟಲ್ ಕಡೆ ನೆಲೆಸಿ ಈಗಷ್ಟೇ ಮೌಂಟನ್ ಬೈಕ್ ಕೊಂಡಿರುವ ಕನ್ನಡಿಗರಿಗೆ ಮೊದಲ ಭೇಟಿಯನ್ನು ತುಳಿದೇ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಇಳಿಜಾರಿನಲ್ಲಿ ಮೊದಲು ಸೋಲುವುದು ಕಾಲಲ್ಲ, ಮುಂಗೈ. ಬ್ರೇಕ್ ಹಿಡಿದು ಹಿಡಿದು ಮುಂಗೈ ಬಿಗಿದು, ಬೆರಳು ಹೇಳಿದ ಮಾತು ಕೇಳದಂತಾಗುತ್ತದೆ. ವ್ಯಾನ್‌ನಲ್ಲಿ ಹೋದರೆ ಅದು ಸಡಿಲವಾಗುವ ಮೊದಲೇ ಮುಂದಿನ ಸುತ್ತು ಬಂದಿರುತ್ತದೆ. ತುಳಿದು ಹತ್ತುವವರಿಗೆ ಮುಕ್ಕಾಲು ಗಂಟೆಯ ಬಿಡುವು ತಾನಾಗಿಯೇ ಸಿಗುತ್ತದೆ. ಈಗಷ್ಟೇ ಇಳಿದ ತಿರುವುಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓಡಿಸಿ ನೋಡುವುದಕ್ಕೂ ಸಮಯ ಇರುತ್ತದೆ.

ಮೊದಲು ಲೆಕ್ಕ

ಗೆಥಿನ್ ಬೆಟ್ಟದ ತುದಿ ಸಮುದ್ರಮಟ್ಟದಿಂದ 491 ಮೀಟರ್ ಎತ್ತರದಲ್ಲಿದೆ. ಒಂದು ಸುತ್ತಿಗೆ 300 ಮೀಟರ್ ಏರು ಎಂದು ಲೆಕ್ಕಕ್ಕೆ ಹಿಡಿಯೋಣ. ಸವಾರ 70 ಕಿಲೋ, ಸೈಕಲ್ 15, ಬ್ಯಾಗು, ನೀರು, ರಕ್ಷಣಾ ಸಾಮಗ್ರಿ 5: ಒಟ್ಟು 90 ಕಿಲೋ. ಇಷ್ಟನ್ನು 300 ಮೀಟರ್ ಮೇಲೆತ್ತಲು ಸುಮಾರು 265 ಕಿಲೋಜೂಲ್ ಕೆಲಸ ಆಗಬೇಕು. ನಮ್ಮ ದೇಹ ತಾನು ಸುಡುವ ಶಕ್ತಿಯಲ್ಲಿ ಕಾಲುಭಾಗವನ್ನಷ್ಟೇ ಪೆಡಲ್‌ಗೆ ಕೊಡುತ್ತದೆ, ಉಳಿದದ್ದು ಬೆವರು, ಬಿಸಿ. ಹಾಗಾಗಿ ಒಂದು ಏರಿಗೆ ಕನಿಷ್ಠ 250 ಕ್ಯಾಲರಿ ಖರ್ಚು; ಸಡಿಲ ಮಣ್ಣು, ಕಲ್ಲು ಸೇರಿದರೆ 300ರ ಹತ್ತಿರ. 150 ವಾಟ್‌ನಷ್ಟು ನಿಧಾನದ ಶ್ರಮದಲ್ಲಿ ಬರೀ ಎತ್ತರ ಗೆಲ್ಲುವುದಕ್ಕೇ ಅರ್ಧ ಗಂಟೆ ಬೇಕು. ನೆಲದ ಎಳೆತ, ಉಸಿರಾಟಕ್ಕೆ ನಿಲ್ಲುವುದು ಎಲ್ಲ ಸೇರಿ 40–45 ನಿಮಿಷ ಇಟ್ಟುಕೊಳ್ಳಿ.

ಇದರಿಂದ ತಿಳಿಯುವುದು ಇಷ್ಟು: ಸಾಧಾರಣ ದೇಹದಾರ್ಢ್ಯದವರಿಗೆ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸುತ್ತು. ವ್ಯಾನಿನವರು ಅದರ ಎರಡರಷ್ಟು ಇಳಿದಿರುತ್ತಾರೆ. ಅವರ ಜೊತೆ ಎಣಿಕೆಯಲ್ಲಿ ಪೈಪೋಟಿಗೆ ಇಳಿಯಬೇಡಿ.

ಸೈಕಲ್ ಯಾವುದು?

200 ಮಿ.ಮೀ. ಸಸ್ಪೆನ್ಷನ್‌ನ (ಗಾಲಿ ಅಷ್ಟು ಮೇಲೆ ಕೆಳಗೆ ಆಡುವ) ಡೌನ್‌ಹಿಲ್ ಸೈಕಲ್ಲು ಬೇಡವೇ ಬೇಡ. ಅದರ ಸೀಟು ತಗ್ಗು, ಗೇರುಗಳು ಇಳಿಜಾರಿಗಷ್ಟೇ ಹೊಂದಿಸಿದವು. 130ರಿಂದ 150 ಮಿ.ಮೀ. ಸಸ್ಪೆನ್ಷನ್ ಇರುವ, ಹತ್ತುವುದಕ್ಕೂ ಇಳಿಯುವುದಕ್ಕೂ ಆಗುವ ಟ್ರೇಲ್ ಬೈಕ್ ಸಾಕು. ನೋಡಬೇಕಾದದ್ದು ಗೇರ್. ಮುಂದಿನ ಹಲ್ಲುಚಕ್ರಕ್ಕೆ 30 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 51 ಹಲ್ಲು ಇದ್ದರೆ, 29 ಇಂಚಿನ ಗಾಲಿಯಲ್ಲಿ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು 1.35 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತಿನಂತೆ ಹಗುರವಾಗಿ ತುಳಿದರೂ ಗಂಟೆಗೆ ಐದೂವರೆ ಕಿಲೋಮೀಟರ್. ಬಿರುಸಾಗಿ ನಡೆಯುವವರ ವೇಗ ಅದು, ಆದರೂ ಮಂಡಿಗೆ ನೋವಿಲ್ಲ. ಮುಂದಿನ ಹಲ್ಲುಚಕ್ರಕ್ಕೆ 34 ಅಥವಾ 36 ಹಲ್ಲಿದ್ದರೆ ಹೊರಡುವ ಮೊದಲೇ ಬದಲಾಯಿಸಿಕೊಳ್ಳಿ, ದೊಡ್ಡ ಖರ್ಚಿನ ಬಾಬತ್ತಲ್ಲ.

ಹತ್ತುವಾಗ ಸೀಟು ಪೂರ್ತಿ ಮೇಲಿರಲಿ, ಹಿಂದಿನ ಶಾಕ್‌ನಲ್ಲಿ (ಹಿಂಗಾಲಿಯ ಕುಲುಕು ತಡೆಯುವ ಭಾಗ) ಏರಿಗೆಂದು ಬಿಗಿ ಮಾಡುವ ಲಿವರ್ ಇದ್ದರೆ ಹಾಕಿ. ತುದಿ ಮುಟ್ಟಿದಾಗ ಅದನ್ನು ಸಡಿಲಿಸಲು ಮರೆಯುವವರು ಬಹಳ ಜನ. ಬಿಗಿದ ಶಾಕ್‌ನಲ್ಲಿ ಕಲ್ಲಿನ ಹಾದಿ ಇಳಿದರೆ ಹಿಂಗಾಲಿ ಪುಟಿದು ದಾರಿ ತಪ್ಪಿಸುತ್ತದೆ. ಟೈರಿನ ಗಾಳಿಯನ್ನು ಇಳಿಯುವುದಕ್ಕೆ ತಕ್ಕಂತೆಯೇ ಇಡಿ. ಏರು ಸುಲಭವಾಗಲಿ ಎಂದು ಗಟ್ಟಿಯಾಗಿ ತುಂಬಿಸಿದರೆ ವೇಲ್ಸ್‌ನ ಒದ್ದೆ ಬೇರುಗಳ ಮೇಲೆ ಹಿಡಿತ ಇರುವುದಿಲ್ಲ.

ಮೈಮೇಲೆ ಏನು, ಬ್ಯಾಗಲ್ಲಿ ಏನು

ಮುಖ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಮುಕ್ಕಾಲು ಗಂಟೆ ಹತ್ತುವುದು ಉಸಿರುಗಟ್ಟಿಸುವ ಕೆಲಸ. ಗಲ್ಲದ ಭಾಗ ಕಳಚಿ ಬರುವ ಮಾದರಿ ಸಿಗುತ್ತದೆ, ತುಳಿದು ಹತ್ತುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಂಡಿ ಪ್ಯಾಡ್‌ಗಳನ್ನು ಕಣಕಾಲಿಗೆ ಇಳಿಸಿಕೊಳ್ಳಿ, ಇಲ್ಲವೇ ಬ್ಯಾಗಿಗೆ ಕಟ್ಟಿಕೊಳ್ಳಿ. ಗಾಳಿ ತಡೆಯುವ ತೆಳು ಜಾಕೆಟ್ ಒಂದು ಇರಲೇಬೇಕು. ಬೆವರಿ ನೆತ್ತಿ ತಲುಪುತ್ತೀರಿ, ಅಲ್ಲಿ ಗಾಳಿ ಬೀಸುತ್ತಿರುತ್ತದೆ, ಬೇಸಿಗೆಯಲ್ಲೂ ಐದು ನಿಮಿಷದಲ್ಲಿ ಮೈ ನಡುಗಲು ಶುರು. ನಡುಗುವ ಕೈಯಲ್ಲಿ ಬ್ರೇಕ್ ನಾಜೂಕಾಗಿ ಹಿಡಿಯಲಾಗದು.

ತಿನ್ನುವುದಕ್ಕೆ ಬಾಳೆಹಣ್ಣು, ಖರ್ಜೂರ. ದೀರ್ಘ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಸಿಗುತ್ತದೆ. ಹಸಿವಾಗುವವರೆಗೆ ಕಾಯದೆ ಪ್ರತಿ ಏರಿನ ನಡುವೆ ಒಂದಿಷ್ಟು ತಿನ್ನಿ.

ಹತ್ತುವ ಬಗೆ

ಏರುಹಾದಿಯ ಹೆಸರು ‘ಬೀಸ್ಟ್ ಆಫ್ ಬರ್ಡನ್’. ಕಾಡಿನೊಳಗೆ ತಿರುವು ತಿರುವಾಗಿ ಸಾಗುವ ಸಣ್ಣ ದಾರಿ. ಇದನ್ನು ಬಿಟ್ಟು ವ್ಯಾನ್ ಓಡಾಡುವ ರಸ್ತೆಯಲ್ಲಾಗಲಿ, ಇಳಿಯುವ ಟ್ರೇಲ್‌ನಲ್ಲಾಗಲಿ ಹತ್ತಬಾರದು. ತಿರುವಿನಾಚೆಯಿಂದ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವವರಿಗೆ ನೀವು ಕಾಣುವುದಿಲ್ಲ.

ಇಡೀ ದಿನದ ಗುಟ್ಟು ಮೊದಲ ಏರಿನಲ್ಲಿದೆ. ಹುರುಪಿನಲ್ಲಿ ಎಲ್ಲರೂ ಜೋರಾಗಿ ತುಳಿಯುತ್ತಾರೆ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯೇ ನೋಡಿ. ಮಾತು ತುಂಡಾಗುತ್ತಿದ್ದರೆ ಗೇರ್ ಇಳಿಸಿ, ಅದೂ ಸಾಲದಿದ್ದರೆ ಇಳಿದು ತಳ್ಳಿ. ತಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಡಿದಾದ ತಿರುವಿನಲ್ಲಿ ಸೀಟಿನ ಮೂತಿಗೆ ಜರುಗಿ, ಎದೆಯನ್ನು ಹ್ಯಾಂಡಲ್ ಕಡೆ ಬಾಗಿಸಿ, ಮೊಣಕೈ ಕೆಳಗಿಡಿ. ಮುಂಗಾಲಿ ಎದ್ದು ಅಲೆಯುವುದು ನಿಲ್ಲುತ್ತದೆ. ಕಣ್ಣು ತಿರುವಿನ ಕೊನೆಯ ಮೇಲಿರಲಿ. ಹಿಂದಿನಿಂದ ವೇಗವಾಗಿ ಬರುವವರಿಗೆ, ಇ-ಬೈಕ್‌ನವರಿಗೂ, ಅಗಲ ಸಿಕ್ಕ ಕಡೆ ದಾರಿ ಬಿಡಿ.

ಮರಗಳ ನಡುವೆ ಬಯಲು ಸಿಕ್ಕಲ್ಲಿ ನಿಂತು ಕಣಿವೆ ನೋಡಿ. ಕಬ್ಬಿಣ, ಕಲ್ಲಿದ್ದಲಿನಿಂದ ಬೆಳೆದ ಊರು ಮರ್ಥರ್. ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಉಗಿಬಂಡಿ 1804ರಲ್ಲಿ ಕಬ್ಬಿಣ ಎಳೆದುಕೊಂಡು ಪೆನಿಡ್ಯಾರೆನ್‌ನಿಂದ ಅಬರ್‌ಕನನ್‌ವರೆಗೆ ಹಳಿಯ ಮೇಲೆ ಹೋದದ್ದು ಇದೇ ಕಣಿವೆಯಲ್ಲಿ. ಪಾರ್ಕಿನ ಒಂದು ಕಪ್ಪು (ಕಠಿಣ ದರ್ಜೆಯ) ಟ್ರೇಲ್‌ಗೆ ‘ಕೋಲ್ ನಾಟ್ ಡೋಲ್’ (ಕಲ್ಲಿದ್ದಲು ಬೇಕು, ನಿರುದ್ಯೋಗ ಭತ್ಯೆ ಬೇಡ) ಎಂಬ ಹೆಸರಿದೆ. 1984–85ರ ಗಣಿ ಕಾರ್ಮಿಕರ ಮುಷ್ಕರದ ಘೋಷಣೆ ಅದು. ಊರು ತನ್ನ ನೋವನ್ನು ಟ್ರೇಲ್ ಹೆಸರಿನಲ್ಲೂ ಉಳಿಸಿಕೊಂಡಿರುವುದು ನನಗೆ ತುಂಬ ಹಿಡಿಸಿದ ಸಂಗತಿ.

ನೆತ್ತಿಯಲ್ಲಿ

ತಲುಪಿದ ಕೂಡಲೇ ಇಳಿಯಬೇಡಿ. ಉಸಿರು ಮೂಗಿನಲ್ಲೇ ಆಡುವವರೆಗೆ ಕಾಯಿರಿ. ಜಾಕೆಟ್, ಪ್ಯಾಡ್, ಗಲ್ಲದ ಭಾಗ ಹಾಕಿ, ಸೀಟು ಇಳಿಸಿ, ಶಾಕ್ ಲಿವರ್ ಬಿಡಿಸಿ, ಎರಡೂ ಬ್ರೇಕ್ ಒತ್ತಿ ನೋಡಿ. ವ್ಯಾನ್ ಬಂದಾಗ ಒಂದೇ ಸಲ ಹಲವರು ಟ್ರೇಲ್ ಬಾಯಿಗೆ ಬರುತ್ತಾರೆ. ಅವರನ್ನು ಮುಂದೆ ಬಿಟ್ಟು ಎರಡು ನಿಮಿಷ ನಿಂತರೆ ಹಾದಿ ಖಾಲಿ ಸಿಗುತ್ತದೆ, ಅಷ್ಟು ಕಷ್ಟಪಟ್ಟು ಹತ್ತಿದ್ದಕ್ಕೆ ಅಡೆತಡೆ ಇಲ್ಲದ ಇಳಿತ ನಿಮ್ಮದಾಗಲಿ.

ಬ್ರಿಟನ್‌ನಲ್ಲಿ ಟ್ರೇಲ್‌ಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂಬ ದರ್ಜೆ. ಹಸಿರು ಸಲೀಸು, ಕಪ್ಪು ಕಠಿಣ. ಮೊದಲ ಸುತ್ತು ಹಸಿರು ‘ಕರ್ಮಿಟ್’ ಅಥವಾ ನೀಲಿ ‘ಸಿಕ್ಸ್ಟಪಾಡ್’. ಅಂದಿನ ನೆಲದ ಹಿಡಿತ ಎಷ್ಟಿದೆ, ಬ್ರೇಕ್ ಹೇಗಿದೆ ಎಂದು ತಿಳಿಯುವುದಕ್ಕೆ ಇದು. ಎರಡನೆಯ ಸುತ್ತನ್ನೇ ದಿನದ ಕಷ್ಟದ ಸುತ್ತಾಗಿ ಇಟ್ಟುಕೊಳ್ಳಿ. ಮೈ ಬಿಸಿಯಾಗಿರುತ್ತದೆ, ಕಾಲಲ್ಲಿ ಇನ್ನೂ ಕಸುವಿರುತ್ತದೆ. ಕಲ್ಲು ಇಷ್ಟವಿದ್ದರೆ ಕೆಂಪು ‘ರಿಮ್ ಡಿಂಗರ್’. ನೆಗೆತ ಬರುವವರಿಗೆ, ಕಣಿವೆಯಲ್ಲಿ ಹಾದುಹೋಗುವ ಹೆದ್ದಾರಿಯ ಹೆಸರನ್ನೇ ಇಟ್ಟಿರುವ ‘ಎ470 ಲೈನ್’. ಊಟವಾದ ಮೇಲಿನ ಸುತ್ತು ಮತ್ತೆ ನೀಲಿ.

ಒಂದು ತಿರುವು ಅಥವಾ ಬಂಡೆಯ ಇಳಿತ ಸರಿಬರಲಿಲ್ಲ ಎಂದರೆ ಪೂರ್ತಿ ಕೆಳಗಿಳಿದು ಮತ್ತೆ ಹತ್ತಬೇಕಾಗಿಲ್ಲ. ಟ್ರೇಲ್‌ನಿಂದ ಆಚೆ ಸರಿದು, ಅಂಚಿನಲ್ಲೇ ಮೂವತ್ತು ನಲವತ್ತು ಹೆಜ್ಜೆ ಮೇಲಕ್ಕೆ ತಳ್ಳಿಕೊಂಡು ಹೋಗಿ, ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದೊಂದನ್ನೇ ಮತ್ತೆ ಮತ್ತೆ ಮಾಡಿ. ಮುಂದಿನ ವ್ಯಾನ್ ಹಿಡಿಯುವ ಅವಸರ ಇಲ್ಲದವರಿಗೆ ಸಿಗುವ ದೊಡ್ಡ ಲಾಭ ಇದು. ಒಂದೇ ಬಂಡೆಯನ್ನು ಹೀಗೆ ಅಭ್ಯಾಸ ಮಾಡಿದವರು, ಹತ್ತು ಸುತ್ತು ಅದರ ಮೇಲೆ ಹೇಗೋ ಹಾದುಹೋದವರಿಗಿಂತ ಹೆಚ್ಚು ಕಲಿತಿರುತ್ತಾರೆ.

ನಿಲ್ಲಿಸುವುದು ಯಾವಾಗ?

ಕೊನೆಯ ಏರಿನ ಬುಡದಲ್ಲಿ ನಿಂತು ಎರಡೂ ಮುಷ್ಟಿ ಬಿಗಿದು ಬಿಚ್ಚಿ ನೋಡಿ. ಹಿಡಿತ ಸೋತಿದ್ದರೆ, ಸಣ್ಣ ಏರಿಗೂ ಪದೇ ಪದೇ ಕಾಲು ನೆಲಕ್ಕೆ ಊರುತ್ತಿದ್ದರೆ ಅಲ್ಲಿಗೆ ಮುಗಿಸಿ. ಮೇಲೆ ಹೋದ ಮೇಲೆ ಇಳಿಯಲೇಬೇಕು, ಆದ್ದರಿಂದ ಈ ತೀರ್ಮಾನ ಕೆಳಗೇ ಆಗಬೇಕು. ಕಾಲಿಗೆ ಇನ್ನೂ ಆಸೆಯಿದ್ದರೆ ಕಾರ್ಡಿಫ್‌ನಿಂದ ಬ್ರೆಕನ್‌ವರೆಗಿನ ‘ಟಾಫ್ ಟ್ರೇಲ್’ ಎಂಬ ಸೈಕಲ್ ಹಾದಿ ಹತ್ತಿರದಲ್ಲೇ ಇದೆ. ನದಿಯ ಗುಂಟ ಕಾರ್ಡಿಫ್ ಕಡೆ ತುಳಿಯಬಹುದು, ಅಥವಾ ಮರ್ಥರ್‌ನಿಂದ ಸುಮಾರು ಒಂದು ಗಂಟೆಯಲ್ಲಿ ಕಾರ್ಡಿಫ್ ಮುಟ್ಟಿಸುವ ರೈಲು ಹಿಡಿಯಬಹುದು. ಮನೆಗೆ ಹೋದ ಮೇಲೆ ಬ್ರೇಕ್ ಪ್ಯಾಡ್ ತೆಗೆದು ನೋಡಿ. ಮಳೆಯ ದಿನದ ಮರಳುಮಣ್ಣು ಒಂದೇ ದಿನದಲ್ಲಿ ಮೆದು ಪ್ಯಾಡ್‌ಗಳನ್ನು ತಿಂದು ಮುಗಿಸಬಲ್ಲದು, ಮುಂದಿನ ಸಲ ಬ್ಯಾಗಿನಲ್ಲಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.